ರಾಗಿ ಕುಯ್ಲಿನ ಕಾಲದ ಗಂಟೆ

ಕಾರ್ತಿಕ ಮುಗಿಯುತ್ತಾ ಬಂದಿತ್ತು. ಹೊಲಗಳಲ್ಲಿ ರಾಗಿ ತೆನೆ ಬಲಿತು ಬಗ್ಗಿತ್ತು, ಅವರೆ ಹೂವು ಬಿಟ್ಟಿತ್ತು. ಮಂಜು ಇನ್ನೂ ಕರಗದ ಒಂದು ಬೆಳಗ್ಗೆ ತಿಮ್ಮರಾಯಪ್ಪ ಕಣಕ್ಕೆ ಸಗಣಿ ಸಾರಿಸುತ್ತಿದ್ದ. ಆಗ ಊರಿನ ಮೇಷ್ಟ್ರು ಸುಬ್ರಮಣಿ ಬೈಕು ನಿಲ್ಲಿಸಿ ಅವನ ಹತ್ತಿರ ಬಂದರು. ಎಲ್ಲ ಶುರುವಾದದ್ದು ಅವತ್ತು.

"ತಾತ, ಬುಧವಾರ ಹೊಸೂರಿನ ಎಜುಕೇಶನ್ ಆಫೀಸಿಂದ ಒಬ್ಬ ಮೇಡಂ ಬತ್ತಾರಂತೆ" ಅಂದರು ಮೇಷ್ಟ್ರು. "ಅಂಚೆಟ್ಟಿ, ತಳಿ, ಜವಳಗಿರಿ ಕಡೆ ಕಾಡಂಚಿನ ಸ್ಕೂಲಿಗೆಲ್ಲ ಒಂದೇ ಕ್ರಮ ಮಾಡ್ತಾರಂತೆ. ಗಂಟೆ ಯಾವಾಗ ಹೊಡೀಬೇಕು, ರಜ ಯಾವಾಗ ಕೊಡಬೇಕು, ಒಬ್ಬ ಮೇಷ್ಟ್ರಿಗೆ ಎಷ್ಟು ಕ್ಲಾಸು, ಯಾವ ಪಾಠ ಇರ್ಬೇಕು, ಎಲ್ಲ. ಮೂರು ದಿನ ಬಂದು ಊರವ್ರನ್ನ ಕೇಳಿ ಬರ್ಕೊಂಡು ಹೋಗ್ತಾರಂತೆ."

"ನಮ್ಮನ್ನ ಕೇಳ್ತಾರಾ?"

"ನಿಮ್ಮನ್ನೇ. ನೀವಲ್ವಾ ಪೋಷಕರ ಕಮಿಟಿಗೆ ಯಜಮಾನ್ರು."

ತಿಮ್ಮರಾಯಪ್ಪ ಕೈಯ ಸಗಣಿಯನ್ನು ಹುಲ್ಲಿಗೆ ಒರೆಸಿಕೊಂಡ. "ಕೇಳ್ದೇ ಮಾಡೋರು ಕೇಳೋಕೆ ಬತ್ತಾವ್ರೆ ಅಂದ್ರೆ ಏನೋ ಐತೆ, ಮೇಷ್ಟ್ರೆ" ಅಂದ.

ಅವನ ಅನುಮಾನಕ್ಕೆ ಕಾರಣ ಇತ್ತು. ಹಿಂದೊಮ್ಮೆ ಈ ದೊಡ್ಡಿಗೆ, ಕಾಡಂಚಿನ ಈ ಪುಟ್ಟ ಊರಿಗೆ, ತಳಿಯಿಂದ ಬೆಳಗ್ಗೆ ಒಂದು ಬಸ್ಸು ಬರುತ್ತಿತ್ತು. ಪ್ಯಾಂಟು ಹಾಕಿದ ಇಬ್ಬರು ಬಂದು, ಚೆನ್ನಾಗಿ ಮಾತಾಡಿ, ದಿನಾ ಎಷ್ಟು ಜನ ಹತ್ತುತ್ತೀರಿ, ನಿಮಗೆ ಯಾವ ಹೊತ್ತು ಅನುಕೂಲ ಎಂದು ಕೇಳಿದರು. ಜನ ಇದ್ದದ್ದನ್ನು ಇದ್ದ ಹಾಗೆ ಹೇಳಿದರು. ಬಂದವರಿಗೆ ಮಜ್ಜಿಗೆ ಕೊಟ್ಟರು. ಹತ್ತುವವರು ಸಾಲದು ಅಂತ ಮುಂದಿನ ತಿಂಗಳು ಬಸ್ಸು ನಿಂತುಹೋಯಿತು. ಅಲ್ಲಿಂದ ಈಚೆಗೆ, ಹೊರಗಿನವರು ಏನಾದರೂ ಕೇಳಿದರೆ ತಿಮ್ಮರಾಯಪ್ಪ ಮೊದಲು ಅವರ ಕಾಲು ನೋಡುತ್ತಿದ್ದ, ಆಮೇಲೆ ಮುಖ.

ಈಗ ಉಳಿದಿದ್ದದ್ದು ಒಂದು ಸ್ಕೂಲು. ತಮಿಳುನಾಡಿನ ಗಡಿಯೊಳಗೆ, ಐದನೇ ಕ್ಲಾಸಿನವರೆಗಿನ ಕನ್ನಡ ಸ್ಕೂಲು. ಅದೂ ಹೋದರೆ ಮಕ್ಕಳು ಕಾಡು ದಾಟಿ ಜವಳಗಿರಿಗೆ ಹೋಗಬೇಕು, ಇಲ್ಲವೇ ದನ ಕಾಯಬೇಕು.

ಆ ಸ್ಕೂಲಿಗೆ ಮೇಲಧಿಕಾರಿಗಳಿಗೆ ಗೊತ್ತಿಲ್ಲದ ಒಂದು ಏರ್ಪಾಡು ಇತ್ತು. ಕಾಗದದಲ್ಲಿ ಗಂಟೆ ಹೊಡೆಯುವುದು ಒಂಬತ್ತಕ್ಕೆ. ಆದರೆ ರಾಗಿ ಕುಯ್ಲಿನ ಕಾಲದಲ್ಲಿ ಹೊಡೆಯುತ್ತಿದ್ದದ್ದು ಹತ್ತಕ್ಕೆ. ರಾತ್ರಿ ಹೊಲದಲ್ಲಿ ಮೇಯ್ದ ಆನೆಗಳು ಬೆಳಗ್ಗೆ ಕಾಡಿಗೆ ಹಿಂದಿರುಗುವ ದಾರಿಯೂ, ಕೆರೆಯಾಚೆಗಿನ ಮೇಲಿನ ದೊಡ್ಡಿಯ ಮಕ್ಕಳು ಸ್ಕೂಲಿಗೆ ಬರುವ ದಾರಿಯೂ ಒಂದೇ. ಅದು ಕೆರೆ ಏರಿಯ ಮೇಲಿನ ದಾರಿ. ಮಂಜು ಇದ್ದಾಗ ಮಾರು ದೂರದ್ದು ಕಾಣುವುದಿಲ್ಲ. ಬಿಸಿಲು ಬಿದ್ದು ಏರಿ ಪೂರ್ತಿ ಕಂಡ ಮೇಲೆ ಮಕ್ಕಳನ್ನು ಬಿಡುತ್ತಿದ್ದರು. ಕಳೆದ ಸಲದ ಕುಯ್ಲಿನಲ್ಲಿ ತಿಮ್ಮರಾಯಪ್ಪನ ತಮ್ಮನ ಮಗ ಮುನೀಶ್ ಹಾಲು ಹಾಕಿ ಬರಲು ಬೇಗ ಹೋದವನು ಅದೇ ಏರಿಯ ತಿರುವಿನಲ್ಲಿ ಆನೆಗೆ ಸಿಕ್ಕಿ ಸತ್ತ. ಮೇಲಿನ ದೊಡ್ಡಿಯಲ್ಲೇ ಇರುವ ಅವನ ಹೆಂಡತಿ ವರಲಕ್ಷ್ಮಿ ಈಗ ಸ್ಕೂಲಿನಲ್ಲಿ ಮಕ್ಕಳಿಗೆ ಮಧ್ಯಾಹ್ನದ ಅಡುಗೆ ಮಾಡುತ್ತಾಳೆ. ಮಗಳು ಮುನಿಲಕ್ಷ್ಮಿ ಮೂರನೇ ಕ್ಲಾಸು.

ಮಂಗಳವಾರ ಸಂಜೆ ಎಲ್ಲರೂ ಸ್ಕೂಲಿನ ಜಗಲಿಯಲ್ಲಿ ಸೇರಿದರು.

"ಆನೆ ಐತೆ ಅಂತ ಬಾಯಿ ಬಿಟ್ರೆ, ಇದು ಅಪಾಯದ ಜಾಗ ಅಂತ ಬರ್ಕೊಂಡು ಸ್ಕೂಲು ಮುಚ್ಬುಡ್ತಾರೆ" ಅಂದ ತಿಮ್ಮರಾಯಪ್ಪ. "ಅವ್ರು ಇರೋವರ್ಗೂ ಒಂಬತ್ತಕ್ಕೇ ಗಂಟೆ. ಗಂಡಸ್ರು ನಾಕು ಜನ ಮಕ್ಕಳ ಜೊತೇಲಿ ಬನ್ನಿ. ಆನೆ ಅನ್ನೋ ಮಾತೇ ಮಕ್ಕಳ ಬಾಯಲ್ಲಿ ಬರ್ಬಾರ್ದು. ಏನ್ ಕೇಳಿದ್ರೂ, ನಮ್ಗೆ ಯಾವ ತೊಂದ್ರೇನೂ ಇಲ್ಲ. ಅಷ್ಟೇ."

"ಆಯಮ್ಮ ಒಳ್ಳೇದು ಮಾಡೋಕೇ ಬಂದಿದ್ರೆ?" ಅಂತ ಯಾರೋ ಹೆಂಗಸು ಅಂದಳು.

"ಎತ್ತು ಕೊಳ್ಳೋಕೆ ಬಂದೋನು ಬೆನ್ನು ಸವರ್ತಾನೆ, ಹಲ್ಲೂ ನೋಡ್ತಾನೆ" ಅಂದ ತಿಮ್ಮರಾಯಪ್ಪ.

"ನಮ್ ಹಲ್ಲು ನೋಡಿದ್ರೆ ಬಂದ ದಾರೀಲೇ ಹೋಗ್ಬುಡ್ತಾರೆ ಬುಡಣ್ಣ" ಅಂದ ಸೊಣ್ಣಪ್ಪ. ಅವನಿಗೆ ಮುಂದಿನ ಹಲ್ಲು ಇರಲಿಲ್ಲ. ಎಲ್ಲರೂ ನಕ್ಕರು. ವರಲಕ್ಷ್ಮಿ ಕಂಬಕ್ಕೆ ಒರಗಿ ಕೂತಿದ್ದಳು. ಅವಳು ನಗಲಿಲ್ಲ, ಬೇಡ ಅಂತಲೂ ಅನ್ನಲಿಲ್ಲ.

ಬುಧವಾರ ಚಂದ್ರಲೇಖಾ ಮೇಡಂ ಸ್ಕೂಟರಿನಲ್ಲಿ ಬಂದರು. ಮನೆ ಹೊಸೂರಿನ ಆಲಸನತ್ತಂನಲ್ಲಿ, ಅವರೂ ಕನ್ನಡದವರೇ. ಮೇಷ್ಟ್ರ ಜೊತೆ ತಮಿಳಿನಲ್ಲಿ ಮಾತಾಡಿದರು, ಅಡುಗೆಮನೆಗೆ ಹೋಗಿ ತೆಲುಗಿನಲ್ಲಿ ಏನೋ ಹಾಸ್ಯ ಮಾಡಿದರು, ಜಗಲಿಗೆ ಬಂದು ಕನ್ನಡದಲ್ಲಿ ತಾತ ಅಂದರು. ನಮ್ಮ ಭಾಷೆಯವರನ್ನೇ ಹುಡುಕಿ ಕಳಿಸಿದ್ದಾರೆ ಅಂದರೆ ಒಳಗಿನ ಮಾತು ಎಳೆಯಲಿಕ್ಕೇ ಎಂದು ತಿಮ್ಮರಾಯಪ್ಪ ಇನ್ನಷ್ಟು ಬಿಗಿಯಾದ.

ಮೇಡಮ್ಮಿಗೂ ಏನೋ ಸರಿಕಾಣಲಿಲ್ಲ ಅನ್ನುವುದು ಅವರ ಕಣ್ಣಿನಲ್ಲೇ ಗೊತ್ತಾಗುತ್ತಿತ್ತು. ಮೇಲಿನ ದೊಡ್ಡಿಯ ಮಕ್ಕಳು ಒಂದೇ ಗುಂಪಾಗಿ, ಮಂಜಿನಲ್ಲಿ ನೆಂದು, ಗಂಡಸರ ನಡುವೆ ಬಂದದ್ದನ್ನು ಅವರು ನೋಡಿದ್ದರು.

"ಅಣ್ಣಾ, ನಿಮ್ಮ ಕೈಲಿ ಪಟಾಕಿ ಯಾಕೆ?" ಅಂತ ಆ ಗಂಡಸರಲ್ಲಿ ಒಬ್ಬನಾದ ಸೊಣ್ಣಪ್ಪನನ್ನು ಕೇಳಿದರು.

ಸೊಣ್ಣಪ್ಪ ಕೈ ನೋಡಿಕೊಂಡ. "ದೀಪಾವಳೀದು ಮೇಡಂ. ಮಿಕ್ಕಿತ್ತು."

"ಬೆಳಗ್ಗೇನೇ ಹೊಡೀತೀರಾ?"

"ಯಾವಾಗಾದ್ರೇನು ಮೇಡಂ, ಸದ್ದು ಒಂದೇ."

ಮೇಡಂ ನಗಲಿಲ್ಲ. ಜಗಲಿಯಲ್ಲಿ ಕೂತು ಒಂದೊಂದೇ ಕೇಳುತ್ತಾ ಹೋದರು. ಒಂಬತ್ತು ಗಂಟೆ ಅನುಕೂಲವೇ? ಅನುಕೂಲ. ಕುಯ್ಲಿನಲ್ಲಿ ಮಕ್ಕಳು ತಪ್ಪಿಸಿಕೊಳ್ಳುತ್ತಾರೆಯೇ? ಇಲ್ಲ. ದಾರಿಯಲ್ಲಿ ತೊಂದರೆ? ಇಲ್ಲ. "ನಿಮ್ಮ ಕಡೆ ಮಕ್ಕಳಿಗೆ ಅಂತಲೇ ಒಂದೆರಡು ಪಾಠ ಸೇರಿಸೋ ಯೋಚನೆ ಇದೆ. ಇಲ್ಲಿನ ಬೆಳೆ, ಇಲ್ಲಿನ ಕಾಡು. ಏನಿದ್ದರೆ ಒಳ್ಳೇದು ತಾತ?"

"ಇರೋದೇ ಸಾಕಮ್ಮ" ಅಂದ ತಿಮ್ಮರಾಯಪ್ಪ. "ಇರೋದನ್ನೇ ಓದಿದ್ರೆ ಸಾಕು."

ಆಮೇಲೆ ಮೇಡಂ ಮಕ್ಕಳ ನಡುವೆ ಹೋಗಿ ನೆಲದ ಮೇಲೆ ಕೂತರು. ತಿಮ್ಮರಾಯಪ್ಪ ಬಾಗಿಲಲ್ಲೇ ನಿಂತ. ಮುನಿಲಕ್ಷ್ಮಿಯ ಪುಸ್ತಕದಲ್ಲಿ ಒಂದು ಆನೆಯ ಚಿತ್ರ ಇತ್ತು.

"ಇದನ್ನ ನೋಡಿದ್ದೀಯಾ ಪುಟ್ಟಿ?"

ಹುಡುಗಿ ತಲೆ ಎತ್ತಿ ಬಾಗಿಲ ಕಡೆ ನೋಡಿದಳು. "ಇಲ್ಲ ಮಿಸ್. ನಾನು ಯಾವತ್ತೂ ಆನೆ ನೋಡಿಲ್ಲ."

"ಕಾಡು ಪಕ್ಕದಲ್ಲೇ ಇದೆಯಲ್ಲ. ಅಪ್ಪ ತೋರಿಸಿಲ್ವಾ? ನಿಮ್ಮಪ್ಪ ಏನು ಮಾಡ್ತಾರೆ?"

ಅವಳು ಇನ್ನೊಮ್ಮೆ ಬಾಗಿಲ ಕಡೆ ನೋಡಿದಳು. ಇದಕ್ಕೆ ಏನು ಹೇಳಬೇಕೆಂದು ಯಾರೂ ಹೇಳಿಕೊಟ್ಟಿರಲಿಲ್ಲ.

"ನಮ್ಮಪ್ಪ ಹೊಸೂರಲ್ಲಿ ಫ್ಯಾಕ್ಟ್ರಿಗೆ ಹೋಗ್ತಾರೆ ಮಿಸ್. ರಾತ್ರಿ ಬತ್ತಾರೆ."

ಮೇಡಂ ಒಳ್ಳೇದು ಎಂದು ಅವಳ ತಲೆ ಸವರಿ ಪಕ್ಕದವಳ ಕಡೆ ತಿರುಗಿದರು. ತಿಮ್ಮರಾಯಪ್ಪನ ಹಿಂದೆ ಪಾತ್ರೆಯ ಸದ್ದು ನಿಂತಿತ್ತು. ಅವನು ತಿರುಗಿ ನೋಡಿದ. ವರಲಕ್ಷ್ಮಿ ಸಾರಿನ ಸೌಟು ಹಿಡಿದುಕೊಂಡು ಅಲ್ಲೇ ನಿಂತಿದ್ದಳು.

ಮಧ್ಯಾಹ್ನ ಮೇಡಂ ಹೋದ ಮೇಲೆ ಅವಳು ಹಂಡೆ ತೊಳೆಯುತ್ತಿದ್ದಾಗ ತಿಮ್ಮರಾಯಪ್ಪ ಹತ್ತಿರ ಹೋದ.

"ಮಗು ಜಾಣೆ. ಚೆನ್ನಾಗಿ ಹೇಳ್ತು" ಅಂದ. ಏನಾದರೂ ಅನ್ನಬೇಕಿತ್ತು, ಅದಕ್ಕೆ ಅಂದ.

ವರಲಕ್ಷ್ಮಿ ಬೂದಿ ಹಾಕಿ ಉಜ್ಜುತ್ತಲೇ ಇದ್ದಳು. "ದೊಡ್ಮಾವ, ಅವ್ಳು ಒಂದು ವರ್ಷದಿಂದ ಅವ್ರಪ್ಪನ ಮಾತೇ ಎತ್ತಿರ್ಲಿಲ್ಲ. ಇವತ್ತು ಎತ್ತಿದ್ಲು. ಫ್ಯಾಕ್ಟ್ರಿಗೆ ಕಳ್ಸಿದ್ಲು."

"ಸ್ಕೂಲು ಉಳೀಬೇಕಲ್ಲ ತಾಯಿ."

"ಉಳೀಲಿ. ನಾನೂ ಇಲ್ಲೇ ದುಡೀತಿರೋದು, ಇದು ಮುಚ್ಚಿದ್ರೆ ನನ್ ಕೂಳೂ ಹೋಗ್ತೈತೆ. ಆದ್ರೆ ನಾಳೆ ಒಂಬತ್ತಕ್ಕೆ ನಾನು ಮಗೂನ ಬಿಡಲ್ಲ. ಪಟಾಕಿ ಹಿಡ್ಕೊಂಡು ನಾಕು ಜನ ಅಲ್ಲ, ನಲವತ್ತು ಜನ ಬಂದ್ರೂ ಬಿಡಲ್ಲ. ಅವ್ರು ಇದೇ ಪಸಂದಾಗೈತೆ ಅಂತ ಬರ್ಕೊಂಡು ಹೋದ್ರೆ, ಆಮೇಲೆ ದಿನಾ ಒಂಬತ್ತೇ ಅಲ್ವಾ? ಮೇಷ್ಟ್ರಿಗೆ ಹತ್ತಕ್ಕೆ ಹೊಡಿಯೋಕೆ ಆಯ್ತದಾ?"

ತಿಮ್ಮರಾಯಪ್ಪ ಇದನ್ನು ಯೋಚಿಸಿರಲಿಲ್ಲ. ಮುಚ್ಚಿಟ್ಟರೆ ಸ್ಕೂಲು ಉಳಿಯುತ್ತದೆ ಎಂಬುದಷ್ಟನ್ನೇ ನೋಡಿದ್ದ. ಉಳಿದ ಸ್ಕೂಲಿಗೆ ಮಕ್ಕಳು ಯಾವ ದಾರಿಯಲ್ಲಿ, ಯಾವ ಹೊತ್ತಿನಲ್ಲಿ ಬರಬೇಕು ಎಂಬುದನ್ನು ತನ್ನ ಬಾಯಿಂದಲೇ ಹೇಳಿ ಬರೆಸಿದಂತಾಗಿತ್ತು.

ಗುರುವಾರ ಮಂಜು ಇನ್ನಷ್ಟು ದಟ್ಟವಾಗಿತ್ತು. ಮೇಡಂ ಆಗಲೇ ಬಂದು ಜಗಲಿಯಲ್ಲಿ ಕೂತಿದ್ದರು. ಕೆಳಗಿನ ದೊಡ್ಡಿಯ ಮಕ್ಕಳು ಅಂಗಳದಲ್ಲಿದ್ದರು. ಸ್ಕೂಲಿನ ಗಂಟೆ ಅಂದರೆ ಬೇವಿನ ಮರಕ್ಕೆ ನೇತುಹಾಕಿದ ಒಂದು ರೈಲು ಕಂಬಿಯ ತುಂಡು. ಅದನ್ನು ಹೊಡೆದರೆ ಮೇಲಿನ ದೊಡ್ಡಿಗೂ ಕೇಳಿಸುತ್ತದೆ. ಅದು ಕೇಳಿಸಿದರೆ ಅಲ್ಲಿಂದ ಮಕ್ಕಳು ಓಡಿ ಬರುತ್ತಾರೆ. ಸುಬ್ರಮಣಿ ಮೇಷ್ಟ್ರು ಕೈಗಡಿಯಾರ ನೋಡಿಕೊಂಡು ಕಬ್ಬಿಣದ ಸುತ್ತಿಗೆ ಎತ್ತಿಕೊಂಡರು. ತಿಮ್ಮರಾಯಪ್ಪ ಹೋಗಿ ಅದನ್ನು ಅವರ ಕೈಯಿಂದ ಇಸಿದುಕೊಂಡ.

ಹೊಡೆಯಲಿಲ್ಲ. ಹಿಡಿದುಕೊಂಡು ಮರದ ಕೆಳಗೆ ನಿಂತ.

ಮೇಷ್ಟ್ರು ಮೆಲ್ಲಗೆ "ತಾತ, ಟೈಮಾಯ್ತು" ಅಂದರು. ಅವನು ಅಲುಗಲಿಲ್ಲ. ಸೊಣ್ಣಪ್ಪ ಬಂದು ಕಿವಿಯಲ್ಲಿ, "ಏನಣ್ಣ ಇದು, ನೀನೇ ಹೇಳ್ಬುಟ್ಟು ನೀನೇ ಕೆಡುಸ್ತೀಯಾ" ಅಂದ.

ಕೊನೆಗೆ ಮೇಡಮ್ಮೇ ಎದ್ದು ಬಂದರು. "ಯಾಕೆ ತಾತ, ಹೊಡೀತಿಲ್ಲ?"

"ಈಗ ಹೊಡ್ಯೋ ಹಂಗಿಲ್ಲ ತಾಯಿ. ಮೇಲಿನ ದೊಡ್ಡಿ ಮಕ್ಕಳು ಹೊರಟ್ಬುಡ್ತವೆ. ಈ ಹೊತ್ತಲ್ಲಿ ಆನೆ ಏರಿ ಮೇಲಿರ್ತವೆ."

"ನಿನ್ನೆ ದಾರಿಯಲ್ಲಿ ಯಾವ ತೊಂದರೇನೂ ಇಲ್ಲ ಅಂದ್ರಿ."

"ನಿನ್ನೆ ಸುಳ್ಳು ಹೇಳ್ದೆ. ಮಕ್ಕಳ ಕೈಲೂ ಹೇಳಿಸ್ದೆ."

ಸುಬ್ರಮಣಿ ಮೇಷ್ಟ್ರ ಮುಖ ಬಿಳುಪೇರಿತು. ತಿಮ್ಮರಾಯಪ್ಪ ಅವರ ಕಡೆ ಕೈ ತೋರಿಸಿದ. "ರಾಗಿ ಕಾಲದಲ್ಲಿ ಇಲ್ಲಿ ಗಂಟೆ ಹೊಡ್ಯೋದು ಹತ್ತಕ್ಕೆ. ಹಂಗೆ ಮಾಡಿ ಅಂದೋನು ನಾನು, ಮೇಷ್ಟ್ರ ತಪ್ಪಿಲ್ಲ. ಆ ಒಂದು ಗಂಟೆ ಪಾಠಾನ ಅವ್ರು ಸಂಜೆ ಕೂತು ಮುಗಿಸ್ತಾರೆ. ಬರ್ಕೊಳ್ಳೋದಾದ್ರೆ ಅದನ್ನೂ ಬರ್ಕೋ. ನಿನ್ನೆ ನಿನ್ ಹತ್ರ ಮಾತಾಡ್ತಲ್ಲ ಆ ಮಗು, ಅದರಪ್ಪ ಯಾವ ಫ್ಯಾಕ್ಟ್ರಿಗೂ ಹೋಗಲ್ಲ. ಅವ್ನು ನನ್ ತಮ್ಮನ ಮಗ. ಏರಿ ತಿರುವಲ್ಲಿ ತೀರ್ಕೊಂಡ."

ಚಂದ್ರಲೇಖಾ ಬೇವಿನ ಮರದ ಬುಡದ ಕಲ್ಲಿನ ಮೇಲೆ ಕೂತರು.

"ಮೊದಲೇ ಯಾಕೆ ಹೇಳಲಿಲ್ಲ ತಾತ? ಕೇಳೋಕೇ ತಾನೆ ನಾನು ಬಂದಿದ್ದು."

"ಬಸ್ಸಿನೋರೂ ಕೇಳೋಕೇ ಬಂದಿದ್ರು."

ಬಸ್ಸಿನ ಕಥೆಯನ್ನು ಅವನು ಹೇಳಿದ. ಅವರು ಪೂರ್ತಿ ಕೇಳಿಸಿಕೊಂಡರು. "ಕೂತ ಜಾಗದಿಂದ ಬರೆದ್ರೆ ಎಲ್ಲರಿಗೂ ಒಂಬತ್ತು ಅಂತ ಬರೀತಾರೆ" ಅಂದರು. "ಹೊಸೂರಲ್ಲಿ ಒಂಬತ್ತಕ್ಕೆ ಆನೆ ಇರಲ್ಲ. ಇಲ್ಲಿ ಬೇರೆ ಥರ ಅಂತ ನೀವು ಹೇಳಿದ್ರೆ ತಾನೆ ನಾನು ಅಲ್ಲಿ ಜಗಳ ಆಡೋಕಾಗೋದು."

"ಜಗಳ ಆಡಿ ಗೆಲ್ತೀಯಾ?"

"ಗೊತ್ತಿಲ್ಲ. ನನ್ನ ಮೇಲೆ ಇನ್ನೂ ಜನ ಇದ್ದಾರೆ. ಅಷ್ಟು ಅಪಾಯ ಇದ್ದರೆ ಸ್ಕೂಲೇ ಬೇಡ ಅಂತ ಅನ್ನೋರೂ ಅವರಲ್ಲಿದ್ದಾರೆ. ಮುಚ್ಚಲ್ಲ ಅಂತ ನಾನು ಮಾತು ಕೊಡೋಕಾಗಲ್ಲ ತಾತ. ಕೊಟ್ಟರೆ ಅದು ನಿನ್ನೆ ನೀವು ಹೇಳಿದಂಥದ್ದೇ ಆಗುತ್ತೆ."

ತಿಮ್ಮರಾಯಪ್ಪ ಅವರ ಮುಖವನ್ನು ದಿಟ್ಟಿಸಿ ನೋಡಿದ. ನಂಬಿಕೆ ಬಂತೇ ಅಂದರೆ ಬರಲಿಲ್ಲ. ಆದರೆ ಇದುವರೆಗೆ ಬಂದವರಲ್ಲಿ, ಆಗುವುದಿಲ್ಲ ಅನ್ನುವುದನ್ನು ಮುಖ ನೋಡಿ ಹೇಳಿದವರು ಇವರೊಬ್ಬರೇ ಅಂದುಕೊಂಡ.

ಬಿಸಿಲು ಬಂದು ಏರಿ ಕಂಡ ಮೇಲೆ ಅವನು ಕಂಬಿಗೆ ಹೊಡೆದ. ಸ್ವಲ್ಪ ಹೊತ್ತಿಗೆ ಮೇಲಿನ ದೊಡ್ಡಿಯ ಮಕ್ಕಳು ಬಂದವು. ವರಲಕ್ಷ್ಮಿ ಮಗಳ ಕೈ ಹಿಡಿದು ಬಂದಳು. ಏನು ನಡೆಯಿತೆಂದು ಅವಳಿಗೆ ಯಾರೂ ಹೇಳಬೇಕಾಗಿರಲಿಲ್ಲ. ಗಂಟೆಯ ಹೊತ್ತಿನಲ್ಲೇ ಅವಳಿಗೆ ತಿಳಿದಿತ್ತು.

ಮೇಡಂ ನಿನ್ನೆಯ ಪ್ರಶ್ನೆಯನ್ನು ಅವಳಿಗೇ ಕೇಳಿದರು. ನಿಮ್ಮ ಮಕ್ಕಳಿಗೆ ಯಾವ ಪಾಠ ಬೇಕು?

"ಆನೆ ಎದುರಾದ್ರೆ ಎಲ್ಲಿ ನಿಲ್ಬೇಕು, ಯಾವ ಕಡೆ ಹೋಗ್ಬೇಕು, ಗಾಳಿ ಹೆಂಗೆ ನೋಡ್ಬೇಕು, ಅದು ಇರ್ಲಿ" ಅಂದಳು ವರಲಕ್ಷ್ಮಿ. "ಮೊದ್ಲು ಈ ದೊಡ್ಡಿ ಮಕ್ಕಳಿಗೆಲ್ಲ ಅದನ್ನ ಹೇಳ್ಕೊಡ್ತಿದ್ದೋರು ಇವ್ಳಪ್ಪ. ಈಗ ಹೇಳೋರಿಲ್ಲ. ಪುಸ್ತಕದಲ್ಲಾದ್ರೂ ಇರ್ಲಿ."

"ಅವ್ರಿಗೆ ಅಷ್ಟು ತಿಳಿದಿತ್ತಾ?"

"ತಿಳಿದಿತ್ತು. ಮಂಜಲ್ಲಿ ತಿಳಿದೂ ಉಪಯೋಗ ಇಲ್ಲ ಮೇಡಂ. ಅದಕ್ಕೇ ಹತ್ತು ಗಂಟೆ."

ಮೇಡಂ ಅದನ್ನು ಅವಳು ಹೇಳಿದ ಹಾಗೆಯೇ ಬರೆದುಕೊಂಡರು, ತಿರುಗಿ ಓದಿ ತೋರಿಸಿದರು. ತಿಮ್ಮರಾಯಪ್ಪ ಕೆಳಗೆ ರುಜು ಹಾಕಿದ. ಅವನಿಗೆ ಬರುತ್ತಿದ್ದದ್ದು ಅಷ್ಟೇ ಅಕ್ಷರ. ಸ್ಕೂಲನ್ನು ಉಳಿಸುತ್ತಿದ್ದೇನೋ ಕಳೆಯುತ್ತಿದ್ದೇನೋ ಎಂದು ಅವನ ಕೈ ಸ್ವಲ್ಪ ಹೊತ್ತು ಕಾಗದದ ಮೇಲೇ ನಿಂತಿತ್ತು.

ಶುಕ್ರವಾರ ಮೇಡಂ ಬಿಸಿಲು ಬಂದ ಮೇಲೆ ಮೇಲಿನ ದೊಡ್ಡಿಗೆ ಹೋಗಿ, ಮಕ್ಕಳ ಜೊತೆ ಏರಿಯ ಮೇಲೆ ನಡೆದು ಬಂದರು. ತಿರುವಿನಲ್ಲಿ ಮುನಿಲಕ್ಷ್ಮಿ ನಿಂತಳು. "ಮಿಸ್, ನಾನು ಆನೆ ನೋಡಿದೀನಿ" ಅಂದಳು. ಆಮೇಲೆ ಪೊದೆಯ ಪಕ್ಕದ ಜಾಗಕ್ಕೆ ಬೆರಳು ತೋರಿಸಿ, ಇದು ನಮ್ಮಪ್ಪ ಬಿದ್ದ ಜಾಗ ಅಂದಳು. ಚಂದ್ರಲೇಖಾ ಅವಳ ಪಕ್ಕದಲ್ಲಿ ನಿಂತರು. ಹಿಂದೆ ಬರುತ್ತಿದ್ದ ಗಂಡಸರೂ ನಿಂತರು. ಹುಡುಗಿ ತಾನಾಗಿ ಹೊರಟ ಮೇಲೆ ಎಲ್ಲರೂ ಹೊರಟರು.

ಅವತ್ತು ಮಕ್ಕಳ ಊಟ ಮುಗಿದ ಮೇಲೆ ತಿಮ್ಮರಾಯಪ್ಪ ಹೊಸ ಅವರೆಕಾಯಿ ಒಂದು ಚೀಲ ತಂದು ಸ್ಕೂಟರಿನ ಮುಂದೆ ಇಟ್ಟ. "ಬಸ್ಸಿನೋರಿಗೆ ಮಜ್ಜಿಗೆ ಕೊಟ್ಟಿದ್ವಿ. ನಿನ್ಗೆ ಇದು" ಅಂದ.

"ಅನುಮಾನ ಇನ್ನೂ ಹೋಗಿಲ್ಲ ಅನ್ನಿ, ತಾತ."

"ಅದು ಇರ್ಲಿ ಬುಡು. ಹುಷಾರಾಗಿ ಹೋಗು, ಕತ್ತಲಾಗೋಕೆ ಮುಂಚೆ ಕಾಡು ದಾಟು."

ಚಂದ್ರಲೇಖಾ ಮೇಡಂ ಹೊಸೂರಿಗೆ ಹೊರಟು ಹೋದದ್ದು ಆ ಶುಕ್ರವಾರ. ಅವರು ಬರೆದುಕೊಂಡು ಹೋದದ್ದಕ್ಕೆ ಮೇಲಿನಿಂದ ಏನು ಉತ್ತರ ಬರುತ್ತದೋ ಯಾರಿಗೂ ಗೊತ್ತಿರಲಿಲ್ಲ; ಸೋಮವಾರವೂ ಗಂಟೆ ಹೊಡೆದದ್ದು ಹತ್ತಕ್ಕೆ.