ಡಾಲರ್ ಖಾತೆಗೆ ಎರಡು ಸಹಿ

ಅಮೆರಿಕದಲ್ಲಿ ನರ್ಸ್ ಆಗಿದ್ದ ಚಿಕ್ಕಮ್ಮ ತೀರಿಕೊಂಡ ಮೇಲೆ ಅವಳ ಉಳಿತಾಯ ಬಾಂಡುಗಳು ರುದ್ರಾಣಿಗೂ ಅಣ್ಣ ವಿರೂಪಾಕ್ಷನಿಗೂ ಬಂದವು. ಹಣ ಪಡೆಯಲು ಇಬ್ಬರ ಹೆಸರಿನಲ್ಲಿ ಅಮೆರಿಕನ್ ಡಾಲರ್ ಖಾತೆ ತೆರೆಯಬೇಕಿತ್ತು. ರುದ್ರಾಣಿ ಸಿಡ್ನಿಯಿಂದ ಮೆಲ್ಬರ್ನ್‌ಗೆ, ಅಣ್ಣನ ಆಫೀಸಿನ ಹತ್ತಿರದ ಬ್ಯಾಂಕಿಗೆ ಬಂದಳು.

“ತೀರಿಹೋದವರು ನಿಮಗೇನಾಗಬೇಕು?” ಎಂದು ಬ್ಯಾಂಕಿನವಳು ಇಂಗ್ಲಿಷಿನಲ್ಲಿ ಕೇಳಿದಳು.

“ನಮಗೆ ತಾಯಿ ಇದ್ದ ಹಾಗೆ,” ಎಂದ ವಿರೂಪಾಕ್ಷ.

ರುದ್ರಾಣಿಗೆ ಮೈಯೆಲ್ಲ ಉರಿಯಿತು. “ಚಿಗವ್ವ ಆಸ್ಪತ್ರ್ಯಾಗಿಂದ ಎಷ್ಟ್ ಸಲ ಕರದ್ಲು! ಆವಾಗ ಲೀವ್ ಇಲ್ಲಂದಿ. ಇವತ್ತ ಹೆಂಗ ಸಿಕ್ತೋ ಅಣ್ಣಾ?”

ಅವನು ಫಾರ್ಮಿನಿಂದ ತಲೆ ಎತ್ತಲಿಲ್ಲ. “ನೀನರ ಹೋಗಿದ್ದೇನವಾ?”

ಅವಳೂ ಹೋಗಿರಲಿಲ್ಲ. ಟಿಕೆಟ್ ದುಬಾರಿಯೆಂದು ಮುಂದೂಡುತ್ತಲೇ ಇದ್ದಳು. ಕೊನೆಗೆ ಅಂತ್ಯಕ್ರಿಯೆ ಮಾಡಿಸಿದವರು ಪಕ್ಕದ ಮನೆಯವರು.

ರುದ್ರಾಣಿ ಪೆನ್ನು ತೆಗೆದುಕೊಂಡು ಅಣ್ಣನ ಸಹಿಯ ಕೆಳಗೆ ತನ್ನದನ್ನೂ ಹಾಕಿದಳು. ಹೊರಗೆ ಬಂದು ಇಬ್ಬರೂ ಬೇರೆ ಬೇರೆ ಟ್ರಾಮ್ ಹತ್ತಿದರು.