ದೇವರಿಗಿಂತ ಮುಂಚೆ ಓದಿದವಳು

ಯಾರೋ ಪೆನ್ಸಿಲ್ ಹೆರೆಯುತ್ತಿದ್ದಾರೆ, ಕರ್ ಕರ್ ಕರ್, ಮೂರನೆಯ ಬೆಂಚಿನ ಕಡೆಯಿಂದ, ಹೆರೆದು ಮೊನೆ ಮುರಿದು ಮತ್ತೆ ಹೆರೆಯುವುದು, ಬೇಡ, ಇವತ್ತು ಬೈಯಬಾರದು, ಬೈಯಲು ನನಗೆ ಬಾಯಿ ಎಲ್ಲಿದೆ, ಏಳರ ಮಗ್ಗಿ ಬರೆಯಿರಿ ಅಂದಿದ್ದೇನೆ, ಮೂವತ್ತೆಂಟು ತಲೆಗಳು ಬಗ್ಗಿವೆ, ಬಟಾಣಿಯ ತಲೆಯೂ ಬಗ್ಗಿದೆ — ಬಟಾಣಿ ಅಂತ ಕರೆದವರು ತರಗತಿಯ ಮಕ್ಕಳೇ, ದುಂಡು ಮುಖ, ಎಂಟು ತುಂಬಿದರೂ ಆರರವಳಂತೆ ಕಾಣುವ ಮೈ, ಅವಳಿಗೂ ಆ ಹೆಸರು ಇಷ್ಟ, ಹಾಜರಿ ಕೂಗುವಾಗ ನಾನು ಬಾಯಿ ತಪ್ಪಿ ಬಟಾಣಿ ಅಂದರೂ ಪ್ರೆಸೆಂಟ್ ಮಿಸ್ ಅನ್ನುತ್ತಾಳೆ, ಅನ್ನುತ್ತಿದ್ದಳು, ಈಗ ಬರೀ ಕೈ ಎತ್ತುತ್ತಾಳೆ. ಗೋಡೆಯ ಗಡಿಯಾರದಲ್ಲಿ ಮೂರು ಹತ್ತು. ಮೂರೂವರೆಗೆ ಅವಳ ಅಮ್ಮ ಬರುತ್ತಾರೆ, ಡೈರಿಯಲ್ಲಿ ಬರೆದು ಬರಹೇಳಿದ್ದು ನಾನೇ, ದಯವಿಟ್ಟು ಭೇಟಿಯಾಗಿ, ದಯವಿಟ್ಟು ಎಂಬುದರ ಕೆಳಗೆ ಒಂದು ಗೆರೆ, ಎಳೆದ ಮೇಲೆ ಆ ಗೆರೆ ನೋಡಿ ನನಗೇ ನಾಚಿಕೆ, ಬೇಡಿಕೊಳ್ಳುವಾಗಲೂ ಟೀಚರ್‌ಗಿರಿ ಬಿಡಲಿಲ್ಲವಲ್ಲ. ಮೇಜಿನ ಮೇಲೆ ಪ್ರಾರ್ಥನೆಯ ಡಬ್ಬಿ, ಹಳೆಯ ಬಿಸ್ಕತ್ತಿನ ಡಬ್ಬಿ, ಮುಚ್ಚಳದಲ್ಲಿ ಒಂದು ಸೀಳು, ಸುತ್ತ ಚಿನ್ನದ ಬಣ್ಣದ ಕಾಗದ, ಅಂಟಿಸಿದವಳು ನಾನು, ವರ್ಷದ ಮೊದಲ ದಿನ ಅದನ್ನು ಎತ್ತಿ ಹಿಡಿದು ಮಾತು ಕೊಟ್ಟವಳೂ ನಾನು, ನಿಮ್ಮ ಮನಸ್ಸಲ್ಲಿರೋದನ್ನ ಬರೆದು ಇದರೊಳಗೆ ಹಾಕಿ, ಹೆಸರು ಬೇಡ, ಕಾಗುಣಿತ ತಪ್ಪಿದ್ರೂ ಪರವಾಗಿಲ್ಲ, ಯಾರೂ ಓದಲ್ಲ, ನಾನೂ ಓದಲ್ಲ, ಸಿಸ್ಟರ್ ಕೂಡ ಓದಲ್ಲ, ದೇವರೊಬ್ಬನೇ ಓದ್ತಾನೆ, ತಿಂಗಳ ಕೊನೆಗೆ ಚಾಪೆಲ್ ಹಿಂದೆ ಬಿಚ್ಚದೇ ಸುಡ್ತೀವಿ, ಹೊಗೆ ಸೀದಾ ಮೇಲೆ ಹೋಗುತ್ತೆ. ಮಿಸ್, ದೇವರಿಗೆ ಕೆಮ್ಮು ಬರಲ್ವಾ ಅಂತ ಒಬ್ಬ ಕೇಳಿದ, ತರಗತಿಯೆಲ್ಲ ನಕ್ಕಿತು, ನಾನೂ ನಕ್ಕೆ, ಬಟಾಣಿ ಮಾತ್ರ ನಗಲಿಲ್ಲ, ಡಬ್ಬಿಯನ್ನೇ ನೋಡುತ್ತಿದ್ದಳು, ಅಷ್ಟು ದಿನ ಹೇಳಿಕೊಳ್ಳಲು ಜಾಗ ಸಿಗದವಳ ಹಾಗೆ.

ಮುಚ್ಚಳ ಬಿಗಿಯಾಗಿತ್ತು, ಅಡಿಪಟ್ಟಿಯ ತುದಿ ತೂರಿಸಿ ಮೀಟಬೇಕಾಯಿತು, ಕಳ್ಳರು ಹೀಗೆಯೇ ಮೀಟುತ್ತಾರೇನೋ. ಅದು ಮೂರು ವಾರದ ಹಿಂದಿನ ಶುಕ್ರವಾರ, ಮಕ್ಕಳೆಲ್ಲ ಹೋಗಿಯಾಗಿತ್ತು, ಮರುದಿನ ಪೋಷಕರ ಸಭೆ, ಬಿಷಪ್ಪರ ಕಚೇರಿಯಿಂದ ಒಬ್ಬರು ಫಾದರ್ ಬರುವವರಿದ್ದರು, ಸಿಸ್ಟರ್ — ನಮ್ಮ ಹೆಡ್‌ಮಿಸ್ಟ್ರೆಸ್ — ನನ್ನನ್ನು ಕರೆದು, ಮಕ್ಕಳ ಆತ್ಮಿಕ ಬೆಳವಣಿಗೆ ಬಗ್ಗೆ ನೀವೇ ಹತ್ತು ನಿಮಿಷ ಮಾತಾಡಿ, ನಿಮ್ಮಷ್ಟು ಚೆನ್ನಾಗಿ ಯಾರಿಗೂ ಬರಲ್ಲ ಅಂದಿದ್ದರು, ಅಷ್ಟಕ್ಕೇ ನಾನು ಉಬ್ಬಿಹೋಗಿದ್ದೆ, ಹನ್ನೊಂದು ವರ್ಷ ಮೂರನೆಯ ತರಗತಿಗೆ ಪಾಠ ಮಾಡಿ ಒಂದು ಒಳ್ಳೆಯ ಮಾತಿಗೆ ಹೀಗೆ ಬಾಯಿಬಿಟ್ಟುಕೊಂಡು ಕಾಯಬೇಕೆ, ಬರೆದದ್ದು ಓದಿಕೊಂಡರೆ ಎಲ್ಲ ಸಪ್ಪೆ, ಪ್ರೀತಿ ಸೇವೆ ಕ್ಷಮೆ ಎಂದು ಬರೀ ದೊಡ್ಡ ಪದಗಳು, ಒಂದು ಉದಾಹರಣೆ ಬೇಕಿತ್ತು, ಒಂದೇ ಒಂದು, ಒಂದೊಂದೇ ಚೀಟಿ ಬಿಡಿಸಿದೆ. ನನ್ನ ಬೆಕ್ಕು ಮರಿ ಹಾಕಲಿ. ಅಣ್ಣ ನನ್ನ ಸೈಕಲ್ ಮುಟ್ಟದ ಹಾಗೆ ಮಾಡು. ಅಲುಗಾಡೋ ಹಲ್ಲು ನೋವಾಗದೇ ಬೀಳಲಿ. ಆಮೇಲೆ ನಾಲ್ಕಾಗಿ ಮಡಚಿದ ಚೀಟಿ, ಗುಂಡು ಗುಂಡು ಅಕ್ಷರ — ಯೇಸಪ್ಪಾ, ಅಜ್ಜಿ ಬೇಗ ಹೋಗಲಿ ಅಂತ ಅಮ್ಮ ಅಡುಗೆಮನೇಲಿ ಅಳ್ತಾ ನಿನ್ನ ಕೇಳ್ತಾಳೆ. ಅಮ್ಮನಿಗೆ ಸುಸ್ತಾಗಿದೆ ಅಷ್ಟೇ. ನೀನು ಅಮ್ಮನ ಮಾತು ಕೇಳಬೇಡ. ನನ್ನ ಮಾತು ಕೇಳು. ಅಮ್ಮನ ಮೇಲೆ ಕೋಪ ಮಾಡ್ಕೋಬೇಡ. — ಯಾರ ಅಕ್ಷರ ಅಂತ ಗೊತ್ತಾಗಲು ಎರಡನೆಯ ಸಲ ನೋಡಬೇಕಾಗಿರಲಿಲ್ಲ, ಬಟಾಣಿಯ ಮನೆಯಲ್ಲಿ ಅಪ್ಪನ ತಾಯಿ ಹಾಸಿಗೆ ಹಿಡಿದು ಎರಡು ವರ್ಷವಾಗಿದ್ದು ಶಾಲೆಗೆಲ್ಲ ಗೊತ್ತು, ನನ್ನ ಕಣ್ಣಲ್ಲಿ ನೀರು ಬಂತು, ಹೌದು ಬಂತು, ಆದರೆ ಅದಕ್ಕೂ ಮೊದಲು ಬಂದದ್ದೇನು, ಸುಳ್ಳು ಹೇಳಬೇಡ, ನಿನಗೆ ನೀನೇ ಆದರೂ ಸುಳ್ಳು ಹೇಳಬೇಡ — ಮೊದಲು ಬಂದದ್ದು ಖುಷಿ. ಸಿಕ್ಕಿತು ಅಂದುಕೊಂಡೆ. ಸಂತೆಯಲ್ಲಿ ಒಳ್ಳೆಯ ಸೀರೆ ಕಣ್ಣಿಗೆ ಬಿದ್ದವಳ ಹಾಗೆ, ಸಿಕ್ಕಿತು. ಹೆಸರು ಹೇಳುವುದಿಲ್ಲವಲ್ಲ, ಅವರ ಮನೆಯಿಂದ ಯಾರೂ ಸಭೆಗೆ ಬರುವುದಿಲ್ಲವಲ್ಲ, ಮುದುಕಿಯನ್ನು ಬಿಟ್ಟು ಎಲ್ಲಿ ಬರುತ್ತಾರೆ, ಹೀಗೆ ಒಂದೊಂದೇ ಸಮಾಧಾನ ಹೆಣೆದುಕೊಂಡು ಚೀಟಿಯನ್ನು ಫೈಲಿನೊಳಗೆ ಇಟ್ಟೆ.

ಬಂದಿದ್ದರು. ತಡವಾಗಿ ಬಂದು ಕೊನೆಯ ಸಾಲಿನಲ್ಲಿ ಕೂತಿದ್ದರು, ಗಂಡ ಹೆಂಡತಿ ಇಬ್ಬರೂ, ಎರಡು ವರ್ಷದಲ್ಲಿ ಮೊದಲ ಸಲ, ಮುದುಕಿಯ ಹತ್ತಿರ ಅವತ್ತು ಆಕೆಯ ಮಗಳೇ ಬಂದು ಕೂತಿದ್ದರಂತೆ, ನಾನು ನೋಡಲಿಲ್ಲ, ನಾನು ಫಾದರ್ ಮುಖ ನೋಡಿಕೊಂಡು ಓದುತ್ತಿದ್ದೆ, ಎಲ್ಲಿ ನಿಲ್ಲಿಸಬೇಕೋ ಅಲ್ಲಿ ನಿಲ್ಲಿಸಿ, ನನ್ನ ಮಾತು ಕೇಳು ಎಂಬಲ್ಲಿ ದನಿ ಇಳಿಸಿ, ಅದನ್ನು ಮನೆಯಲ್ಲಿ ಕನ್ನಡಿಯ ಮುಂದೆ ಎರಡು ಸಲ ಓದಿ ನೋಡಿದ್ದೆ, ದೇವರೇ, ಕನ್ನಡಿಯ ಮುಂದೆ. ಓದಿ ಮುಗಿಸಿದಾಗ ಫಾದರ್ ಕನ್ನಡಕ ತೆಗೆದು ಒರೆಸಿಕೊಂಡರು, ಆಮೇಲೆ ಚಪ್ಪಾಳೆ, ಬಹಳ ಹೊತ್ತು ಚಪ್ಪಾಳೆ, ಆ ಚಪ್ಪಾಳೆಯ ನಡುವೆ ಮೊದಲ ಸಾಲಿನ ಹೆಂಗಸೊಬ್ಬರು, ಬಟಾಣಿಯ ಪಕ್ಕದ ಮನೆಯವರು, ಕುರ್ಚಿಯಲ್ಲಿ ಪೂರ್ತಿ ತಿರುಗಿ ಕೊನೆಯ ಸಾಲನ್ನು ನೋಡಿದರು, ಅವರು ನೋಡಿದ ಕಡೆಗೆ ಇನ್ನೂ ನಾಲ್ಕು ಜನ ತಿರುಗಿದರು, ನಾನೂ ನೋಡಿದೆ. ಆ ತಾಯಿ, ಮೈಮೇಲಿನ ಬಟ್ಟೆ ಜಾರಿಹೋಯಿತೋ ಎಂಬಂತೆ, ಎರಡೂ ಕೈಯಿಂದ ಭುಜ ಮುಚ್ಚಿಕೊಂಡರು. ಗಂಡ ಎದ್ದು ಹೊರಟುಹೋದರು. ಆ ತಾಯಿ ಏಳಲಿಲ್ಲ, ಏಳುವ ಶಕ್ತಿ ಇರಲಿಲ್ಲವೋ, ಎದ್ದರೆ ಎಲ್ಲರಿಗೂ ಖಚಿತವಾಗುತ್ತದೆ ಅಂತಲೋ, ಸಭೆ ಮುಗಿಯುವವರೆಗೂ ಕೂತಿದ್ದರು, ನಾನು ಚಹಾ ಕುಡಿಯುತ್ತಿದ್ದೆ, ಫಾದರ್ ಬೆನ್ನು ತಟ್ಟಿ, ಇಂಥ ಟೀಚರ್‌ಗಳು ಬೇಕಮ್ಮಾ ಅಂದರು, ನಾನು ಹಲ್ಲು ಕಿರಿದೆ, ನೆಲ ಬಾಯಿ ತೆರೆದು ನನ್ನನ್ನು ನುಂಗಲಿಲ್ಲ, ಇನ್ನೊಂದು ಬಿಸ್ಕತ್ತು ತೆಗೆದುಕೊಂಡೆ.

ನಾಲ್ಕು ದಿನ ಬಟಾಣಿ ಬರಲಿಲ್ಲ. ಐದನೆಯ ದಿನ ಬಂದಳು, ಊಟದ ಬಿಡುವಿನಲ್ಲಿ ಎಲ್ಲರೂ ಹೊರಗೆ ಹೋದ ಮೇಲೆ ಮೇಜಿನ ಹತ್ತಿರ ನಿಂತಳು, ಗಲ್ಲ ಮೇಜಿನ ಅಂಚಿಗೆ ಸರಿಯಾಗಿ ತಾಗುತ್ತದೆ, ಮಿಸ್, ಅತ್ತೆ ಬಂದು ಅಜ್ಜೀನ ಅವರ ಮನೆಗೆ ಕರ್ಕೊಂಡು ಹೋದ್ರು, ಸಾಯ್ಲಿ ಅಂತ ಕಾಯೋ ಮನೇಲಿ ಅಜ್ಜಿ ಇರೋದು ಬೇಡ ಅಂದ್ರು, ಅಪ್ಪ ಅಮ್ಮನ ಹತ್ರ ಮಾತಾಡ್ತಿಲ್ಲ. ಪಾಠ ಒಪ್ಪಿಸುವಂತೆ ಹೇಳಿದಳು, ಒಂದು ಹನಿ ಕಣ್ಣೀರಿಲ್ಲ. ಆಮೇಲೆ ಕೇಳಿದಳು. ಮಿಸ್, ನನ್ನ ಚೀಟೀನ ದೇವರು ಓದೋಕ್ ಮುಂಚೆ ನೀವೇ ಓದಿದ್ರಾ. ಹೊರಗೆ ನಲ್ಲಿಯ ಹತ್ತಿರ ಹುಡುಗರು ನೀರು ಎರಚುತ್ತಿದ್ದರು, ಆಯಾ ಗದರುತ್ತಿದ್ದಳು, ಹೌದು ಅನ್ನಲು ಎಷ್ಟು ಹೊತ್ತು ಬೇಕು, ಎರಡೇ ಅಕ್ಷರ, ನಾಲಿಗೆ ಅದಾಗಿ ಅದೇ ಹೊರಳಿತು, ಇಲ್ಲ ಪುಟ್ಟಾ, ಅದು ಬೇರೆ ಯಾರದೋ, ಹೋದ ವರ್ಷದ್ದು. ಹಾಗಾದ್ರೆ ನಂದು ಇನ್ನೂ ಡಬ್ಬೀಲೇ ಇದ್ಯಾ. ಇದೆ. ಸುಟ್ಟಿಲ್ವಾ. ಇನ್ನೂ ಇಲ್ಲ. ಅವಳ ಮುಖ ಅರಳಿತಲ್ಲ, ಅದನ್ನು ನಾನು ಎಲ್ಲಿಗೆ ಒಯ್ಯಲಿ, ಹಾಗಾದ್ರೆ ಇನ್ನೂ ಟೈಮ್ ಇದೆ ಅಂದಳು. ಅಂದಿನಿಂದ ದಿನಾ ಬೆಳಿಗ್ಗೆ ತರಗತಿಗೆ ಬಂದವಳೇ ಒಮ್ಮೆ ಡಬ್ಬಿ ಮುಟ್ಟಿ ಹೋಗುತ್ತಾಳೆ, ಒಳಗೆ ಇಲ್ಲದ ಚೀಟಿಯ ಮೇಲೆ ಕೈ ಇಟ್ಟು, ಆ ಚೀಟಿ ನನ್ನ ಕೈಚೀಲದಲ್ಲಿ, ಬಾಚಣಿಗೆಯ ಜೊತೆ, ಹೊಗೆಯಾಗದೆ.

ಅಪ್ಪ ದರ್ಜಿ. ಯಾಕೆ ಈಗ ಅಪ್ಪ ನೆನಪಾಗಬೇಕು, ಹೊಲಿಗೆಯಂತ್ರದ ಎಣ್ಣೆಯ ವಾಸನೆಯ ಅಪ್ಪ, ದಿನಕ್ಕೆ ಹತ್ತು ಮಾತು ಕೂಡ ಆಡದವರು, ನನಗೆ ಒಂಬತ್ತೋ ಹತ್ತೋ, ಬಟ್ಟೆಯ ಬೀರುವಿನ ಹಿಂದೆ ಮೊಣಕಾಲೂರಿ ಕೂತು ಏನೋ ಬೇಡಿಕೊಳ್ಳುತ್ತಿದ್ದೆ, ಏನೆಂದು ಈಗ ನೆನಪಿಲ್ಲ, ಬಾಯಿಬಿಟ್ಟೇ ಬೇಡುತ್ತಿದ್ದೆ, ಅಪ್ಪ ಕತ್ತರಿ ಹುಡುಕಿಕೊಂಡು ಕೋಣೆಗೆ ಬಂದರು, ನಾನು ಬೀರುವಿನ ಸಂದಿಯಿಂದ ನೋಡಿದೆ, ಅಪ್ಪ ನಿಂತರು, ಬಂದ ಹೆಜ್ಜೆಯಲ್ಲೇ ಹಿಂದೆ ಸರಿದು ಬಾಗಿಲು ಎಳೆದುಕೊಂಡರು, ಸದ್ದಾಗದಂತೆ, ಸ್ವಲ್ಪ ಹೊತ್ತು ಬಿಟ್ಟು ಹೊರಗಿನಿಂದ ಜೋರಾಗಿ ಕೆಮ್ಮಿ ಮತ್ತೆ ಬಂದರು, ಕತ್ತರಿ ಕಂಡ್ಯಾ ಮಗಳೇ ಅಂದರು ಅಷ್ಟೇ. ದೇವರನ್ನು ನನಗೆ ಕಲಿಸಿದ್ದು ಯಾವ ಪುಸ್ತಕವೂ ಅಲ್ಲ, ಆ ಬಾಗಿಲು. ಅವರ ಮಗಳು ನಾನು, ಅಡಿಪಟ್ಟಿಯಿಂದ ಮೀಟಿದವಳು. ನಿನ್ನೆ ಬೆಳಿಗ್ಗೆ ಸಿಸ್ಟರ್ ಕರೆದು, ಆ ಚೀಟಿ ಕೊಡಿ ಮಿಸ್, ಶಾಲೆಯ ವಾರ್ಷಿಕ ಪುಸ್ತಕದಲ್ಲಿ ಮಗುವಿನ ಅಕ್ಷರದಲ್ಲೇ ಅಚ್ಚು ಹಾಕೋಣ, ಫಾದರ್ ಕೇಳಿದ್ದಾರೆ ಅಂದರು. ಕೊಡಲ್ಲ ಸಿಸ್ಟರ್ ಅಂದೆ. ಯಾಕೆ. ಕದ್ದದ್ದು ಅಂದೆ, ಅಂದುಬಿಟ್ಟೆ, ಎಲ್ಲವನ್ನೂ ಹೇಳಿದೆ, ಅವರು ಪೇಪರ್‌ವೇಟ್ ತಿರುಗಿಸುತ್ತಾ, ಎಲ್ಲಿಂದ ಬಂತು ಅಂತ ನಾನೂ ಕೇಳಬೇಕಿತ್ತು, ಕೇಳಲಿಲ್ಲ ಅಂದರು, ಮೊದಲು ಆ ತಾಯಿ ಹತ್ರ ಹೇಳಿ.

ಗಂಟೆ. ಬೆಂಚು ಎಳೆಯುವ ಸದ್ದು, ಚೀಲ, ಬಾಟಲಿ, ತಳ್ಳಬೇಡ್ವೋ, ಮಿಸ್ ಇವನು ನನ್ನ ಸ್ಕೇಲ್ ತಗೊಂಡ, ಹೋಗಿ ಹೋಗಿ, ಬಟಾಣಿ ನೀನು ಹೊರಗೆ ಒಂದು ನಿಮಿಷ ಕೂತಿರು, ಬಾಗಿಲಲ್ಲಿ ಅವರು, ನಾನಂದುಕೊಂಡದ್ದಕ್ಕಿಂತ ಚಿಕ್ಕವರು, ಕೈಬೆರಳೆಲ್ಲ ಸೋಪಿನ ನೀರಲ್ಲಿ ನೆನೆದು ಬಿರಿದಿದ್ದವು, ಕೂತ್ಕೊಳ್ಳಿ ಅಂದರೆ ಮಕ್ಕಳ ಬೆಂಚಿನಲ್ಲೇ ಕೂತರು, ನಾನು ಕುರ್ಚಿಯಲ್ಲಿ ಕೂರಲಾರದೆ ನಿಂತೆ, ಉರುಹೊಡೆದದ್ದೆಲ್ಲ ಮರೆತು, ತಪ್ಪು ಮಾಡಿದೆ, ನಿಮ್ಮ ಮನೆ ಮುರಿದೆ ಅಂದೆ. ನೀವು ಇರೋದನ್ನೇ ಓದಿದ್ರಿ ಮಿಸ್ ಅಂದರು. ಹಾಗೆ ಕೇಳ್ಕೊಂಡಿದ್ದು ನಿಜ. ಎರಡು ವರ್ಷ ನಮ್ಮತ್ತೆ ಹಾಸಿಗೆ ಬಟ್ಟೆ ಒಗೆದವಳೂ ನಾನೇ, ಅದನ್ನ ಯಾರೂ ಚಪ್ಪಾಳೆ ಹೊಡೆಯೋ ಹಾಗೆ ಓದಲಿಲ್ಲ. ನಾನು ಬಿರಿದ ಆ ಬೆರಳುಗಳನ್ನೇ ನೋಡಿದೆ. ಅವರೇ ಮತ್ತೆ, ನನ್ನ ಹತ್ರ ಬಿಡಿ, ಅವಳ ಹತ್ರ ಕ್ಷಮೆ ಕೇಳಿ, ದಿನಾ ಬಂದು ನಂದು ಇನ್ನೂ ಡಬ್ಬೀಲೇ ಇದೆಯಂತೆ ಅಮ್ಮಾ ಅಂತಾಳೆ, ನಿಮ್ಮ ಸುಳ್ಳನ್ನ ನಾನು ಎಷ್ಟು ದಿನ ಕಾಪಾಡಲಿ.

ಕಾಪಾಡಿದರು ನನ್ನ ಸುಳ್ಳನ್ನು, ಇವರು, ನಾನು ಬಯಲಿಗೆಳೆದ ಇವರು. ಬಟಾಣಿ ಒಳಗೆ ಬಂದಳು, ನಾನು ನೆಲದ ಮೇಲೆ ಕೂತೆ, ಮಂಡಿ ಕಟಕ್ಕೆಂದಿತು, ಅವಳ ಕಣ್ಣಿಗೆ ಕಣ್ಣು ಸಮನಾಯಿತು, ಕೈಚೀಲದಿಂದ ಚೀಟಿ ತೆಗೆದು ಕೊಟ್ಟೆ, ನಿನ್ನದೇ ಪುಟ್ಟಾ, ನಾನೇ ತೆಗೆದೆ, ನಾನೇ ಓದಿದೆ, ನೀನು ಕೇಳಿದಾಗ ಸುಳ್ಳು ಹೇಳಿದೆ. ಅವಳು ಬಿಡಿಸಿ ನೋಡಿದಳು, ಬಾಚಣಿಗೆಯ ಎಣ್ಣೆ ತಾಗಿದ ಮೂಲೆಯನ್ನು ಹೆಬ್ಬೆರಳಿಂದ ಉಜ್ಜಿದಳು, ಹಾಗಾದ್ರೆ ಇದು ಹೋಗೇ ಇಲ್ಲ. ಹೋಗಿಲ್ಲ. ಅದಕ್ಕೇ ಅಜ್ಜಿ ಹೋದ್ರು. ದೇವರಿಗೆ ಕಾಗದ ಬೇಡ ಮಗೂ, ಬರೆಯುವ ಮುಂಚೆಯೇ ಅವನಿಗೆ ಗೊತ್ತು — ಹನ್ನೊಂದು ವರ್ಷದಿಂದ ಹೇಳಿಕೊಟ್ಟ ಮಾತು ತುಟಿಯವರೆಗೆ ಬಂತು, ಆಡಲು ಮುಖವಿಲ್ಲದೆ ನುಂಗಿದೆ, ತಾಯಿಯೇ ಹೇಳಿದರು, ಅಜ್ಜಿ ಅತ್ತೆ ಮನೇಲಿ ಚೆನ್ನಾಗಿದಾರೆ, ಭಾನುವಾರ ನಾವಿಬ್ರೂ ಹೋಗೋಣ, ಬೈದ್ರೂ ಹೋಗೋಣ. ಬಟಾಣಿ ಚೀಟಿ ಮಡಚಿ ಅಮ್ಮನ ಕೈಗೆ ಕೊಟ್ಟು, ಮಿಸ್, ಒಂದು ಹಾಳೆ ಕೊಡಿ. ಕೊಟ್ಟೆ. ಮೊದಲ ಬೆಂಚಿನಲ್ಲಿ ಕೂತು ಬರೆಯತೊಡಗಿದಳು, ನಾನು ಪಕ್ಕದಲ್ಲೇ ನಿಂತಿದ್ದೆ, ಮಕ್ಕಳು ಬರೆಯುವಾಗ ಬಗ್ಗುವ ಚಾಳಿ, ದೇವರಾಣೆ ಓದಲೆಂದಲ್ಲ, ಬಗ್ಗಿದೆ ಅಷ್ಟೇ, ನನ್ನ ನೆರಳು ಹಾಳೆಯ ಮೇಲೆ ಬಿದ್ದದ್ದೇ ತಡ ಅವಳ ಎಡಗೈ ಬಂತು, ತಲೆ ಎತ್ತಲಿಲ್ಲ, ಕೋಪವಿಲ್ಲ, ಎಡಗೈ ಮೊಣಕೈಯಲ್ಲಿ ಬಾಗಿ ಹಾಳೆಯ ಸುತ್ತ ಗೋಡೆಯಾಯಿತು, ನಾನು ಹಿಂದೆ ಸರಿದೆ, ಕಿಟಕಿಯವರೆಗೆ ಸರಿದೆ, ಕೈ ಇಳಿಯಲಿಲ್ಲ, ಬಾಗಿಲವರೆಗೆ ಹೋದೆ, ಹೊರಗೆ ಹೋಗಿ ಬಾಗಿಲು ಎಳೆದುಕೊಂಡೆ, ಇಲ್ಲಿಂದ ಏನೂ ಕಾಣುವುದಿಲ್ಲ, ಬಾಗಿಲು ಮುಚ್ಚಿದೆ, ಆದರೂ ಆ ಎಡಗೈ, ಪೆನ್ಸಿಲ್ ಮಸಿ ಹತ್ತಿದ ತೋಳು, ಪುಟ್ಟ ಮೊಣಕೈ ನನ್ನ ಕಡೆಗೆ ತಿರುಗಿಸಿಕೊಂಡ ಆ ಎಡಗೈ, ಆ ಎಡಗೈ —