ಪಶ್ಚಿಮ ಎಂದರೆ ಯಾವ ಕಡೆ

ಮರಳುದಿಬ್ಬಗಳ ಅಧ್ಯಯನದಲ್ಲೇ ತಲೆ ನರೆತಿದ್ದ ಪ್ರೊಫೆಸರರ ಬಳಿ ಅವರ ಮಗಳನ್ನು ಮದುವೆಗೆ ಕೇಳಲೆಂದು ಹವಾಮಾನ ಕಚೇರಿಯ ಯುವಕ ಆ ಬಯಲಿನ ಸಂಶೋಧನಾಲಯಕ್ಕೆ ಬಂದಿಳಿದಾಗ, ಅವನಿಗೆ ಮೊದಲು ಪರಿಚಯವಾದದ್ದು ಭಾವೀ ಮಾವನಲ್ಲ, ಅವರ ದಿಬ್ಬ. ಬಿದಿಗೆಯ ಚಂದ್ರನಂತೆ ಬಾಗಿದ ಮೈ, ಎರಡು ಕೊಂಬು, ಕೊಂಬುಗಳ ನಡುವೆ ಮಡುಗಟ್ಟಿದ ನೆರಳು. ಅಡುಗೆಮನೆಯ ಕಿಟಕಿಯ ತುಂಬ ಅದೇ.

"ಅದು ನನ್ನ ಸವತಿ, ನೋಡ್ಕೋಪ್ಪ," ಎಂದು ಹುಡುಗಿಯ ತಾಯಿ ಸೌಟಿನಿಂದಲೇ ತೋರಿಸಿದರು. "ನನ್ನ ಹುಟ್ಟಿದ ದಿನ ಮರೀತಾರೆ. ಅದರ ಉದ್ದ ಅಗಲ ಕೇಳು, ನಿದ್ದೆಗಣ್ಣಲ್ಲೂ ಹೇಳ್ತಾರೆ."

ಸವತಿಗೆ ಒಂದು ದುರಭ್ಯಾಸವಿತ್ತು. ಗಾಳಿ ಬೆನ್ನಿನ ಮರಳನ್ನು ನೆತ್ತಿ ದಾಟಿಸಿ ಮುಂದಕ್ಕೆ ಚೆಲ್ಲಿದಂತೆಲ್ಲ ದಿಬ್ಬ ನಡೆಯುತ್ತದೆ. ಎಷ್ಟು ಗಾಳಿಗೆ ಎಷ್ಟು ನಡಿಗೆ ಎಂಬುದನ್ನು ಪ್ರೊಫೆಸರರು ಲೆಕ್ಕ ಕಟ್ಟಿಟ್ಟಿದ್ದರು. ಆದರೆ ದಿಬ್ಬ ವರ್ಷ ವರ್ಷವೂ ಆ ಲೆಕ್ಕಕ್ಕಿಂತ ಹಿಂದೆಯೇ ಉಳಿಯುತ್ತಿತ್ತು. ಅವರು ಮೊದಲು ಅಳತೆಪಟ್ಟಿಯನ್ನು ಬೈದರು, ಆಮೇಲೆ ಶಿಷ್ಯರನ್ನು. ಕೊನೆಗೆ ಬೈಯಲು ಯಾರೂ ಉಳಿಯದೆ ಹವಾಮಾನ ಕಚೇರಿಯನ್ನು. ಈಗ ಆ ಕಚೇರಿಯವನೇ ಅಳಿಯನಾಗುತ್ತೇನೆಂದು ಬಂದು ನಿಂತಿದ್ದ.

ಅವರು ಹೂಂ ಎನ್ನಲಿಲ್ಲ, ಉಹೂಂ ಎನ್ನಲೂ ಇಲ್ಲ, ಕೆಲಸ ಕೊಟ್ಟರು. ಮಾರನೆಯ ದಿನ ಆ ವರ್ಷದ ದೊಡ್ಡ ಗಾಳಿ ಬೀಸಲಿತ್ತು. ತಮಗೋ ಪಾದ ಉಳುಕಿತ್ತು. ಮಗಳು ದಿಬ್ಬದ ಬುಡದ ಗಾಳಿಮಾಪಕಗಳಿಗೆ ಅಂಟಿಕೊಂಡಿರಬೇಕಿತ್ತು. ಹಾಗಾಗಿ ನೆತ್ತಿಯ ಮೇಲೆ ಮರಳಿನ ಬೋನುಗಳನ್ನು ನೆಡುವ ಕೆಲಸ ಅವನ ಪಾಲಿಗೆ ಬಂತು. ಬೋನೆಂದರೆ ಎತ್ತರದ ತಗಡಿನ ಡಬ್ಬಿ. ಒಂದೇ ಮಗ್ಗುಲಲ್ಲಿ ಸೀಳಿನಂಥ ಬಾಯಿ. ಹಾರಿಬರುವ ಮರಳು ಅದರೊಳಗೆ ಸೆರೆಯಾಗಬೇಕು. ಇದರಲ್ಲಿ ಗೆದ್ದರೆ ಮದುವೆಯ ಮಾತು ತಾನಾಗಿ ಕುದುರುತ್ತದೆಂದು ಮಗಳು ಪಿಸುಗುಟ್ಟಿದಳು.

"ನಾಳೆ ಪಶ್ಚಿಮ," ಎಂದರು ಪ್ರೊಫೆಸರರು. "ಬೋನಿನ ಬಾಯಿ ಗಾಳಿಗೆ ಎದುರಾಗಿರಲಿ."

ಬೆಳಗಿನ ಜಾವ ಎಲೆಯೂ ಅಲುಗದ ಹೊತ್ತಿನಲ್ಲಿ ಅವನು ದಿಬ್ಬ ಹತ್ತಿ, ಎಲ್ಲ ಬೋನುಗಳ ಬಾಯನ್ನೂ ಪಶ್ಚಿಮಕ್ಕೆ ತಿರುಗಿಸಿ, ಒಂದೊಂದನ್ನೂ ಮಗುವಿನ ಕೈ ಹಿಡಿದು ನಿಲ್ಲಿಸುವಂತೆ ನೆಟ್ಟು ಇಳಿದ. ತಿಂಡಿಯ ಹೊತ್ತಿಗೆ ಗಾಳಿ ಎದ್ದಿತು. ದಿಬ್ಬದ ನೆತ್ತಿಯಿಂದ ಮರಳಿನ ಹೊಗೆ ಹೊರಟಿತು. ಎತ್ತ? ಪೂರ್ವದಿಂದ ಪಶ್ಚಿಮಕ್ಕೆ. ಬೋನುಗಳೆಲ್ಲ ಗಾಳಿಗೆ ಬೆನ್ನು ಹಾಕಿ ನಿಂತಿದ್ದವು. ಆ ಬಿರುಸಿನಲ್ಲಿ ಮತ್ತೆ ಹತ್ತುವುದು ಆಗದ ಮಾತು.

ಊಟಕ್ಕೆ ಕೂತಾಗ ಅವನು ತಪ್ಪನ್ನು ಮುಚ್ಚಿಡದೆ ಹೇಳಿಬಿಟ್ಟ. ಪ್ರೊಫೆಸರರ ಕೈಯ ತುತ್ತು ತಟ್ಟೆಗೆ ಮರಳಿತು.

"ಪಶ್ಚಿಮ ಅಂದ್ರೆ ಪಶ್ಚಿಮಕ್ಕೆ ಹೋಗೋದು. ಮರಳು ಎತ್ತ ಹೋಗುತ್ತೋ ಅದೇ ಅದರ ಹೆಸರು."

"ನಮ್ಮ ಕಚೇರೀಲಿ ಗಾಳಿ ಎಲ್ಲಿಂದ ಬರುತ್ತೋ ಅದೇ ಅದರ ಹೆಸರು, ಸರ್."

"ಹೋಗೋದೋ ಬರೋದೋ, ಅನ್ನ ಆರ್ತಾ ಇದೆ," ಎಂದರು ತಾಯಿ.

ಪ್ರೊಫೆಸರರು ಮಗಳ ಕಡೆ ತಿರುಗಿ, ಗಾಳಿಯ ತಲೆಬಾಲ ಗೊತ್ತಿಲ್ಲದ ಹವಾಮಾನದವನನ್ನು ಎಲ್ಲಿಂದ ಹುಡುಕಿ ತಂದೆ ಎಂದು ತಣ್ಣಗೆ ಕೇಳಿದರು. ಆಮೇಲೆ ಅತಿಥಿಯನ್ನು, ನಾಳೆ ಊರಿನ ಬಸ್ಸು ಎಷ್ಟು ಹೊತ್ತಿಗೆಂದು ಬಲು ಮರ್ಯಾದೆಯಿಂದ ವಿಚಾರಿಸಿದರು. ಆ ಮರ್ಯಾದೆಯೇ ಅವನಿಗೆ ಹೆಚ್ಚು ಚುಚ್ಚಿತು.

ಸಂಜೆ ದೊಡ್ಡ ಗಾಳಿ ಅಡಗಿ, ಪಶ್ಚಿಮದಿಂದ ಹಿತವಾದೊಂದು ಗಾಳಿ ತಿರುಗಿ ಬಂತು. ಮೆಟ್ಟಿಲ ಮೇಲೆ ಮುಖ ಇಳಿಬಿಟ್ಟು ಕೂತವನ ಪಕ್ಕ ಮಗಳೂ ಬಂದು ಕೂತಳು. ಇದು ದಿನವೂ ಬರುವ ಗಾಳಿಯಂತೆ. ಒಂದು ಕಣವನ್ನು ಕದಲಿಸುವ ತಾಕತ್ತೂ ಇದಕ್ಕಿಲ್ಲವೆಂದು ಅಪ್ಪ ಎಂದೋ ತೀರ್ಪು ಕೊಟ್ಟಿದ್ದಾರಂತೆ. ಅಪ್ಪನನ್ನು ಒಪ್ಪಿಸದೆ ತಾನು ಹೊರಡುವವಳಲ್ಲ, ಅವನನ್ನು ಬಿಡುವವಳೂ ಅಲ್ಲ ಎಂದೂ ಹೇಳಿದಳು. ಅದು ಸಮಾಧಾನವೋ ಸಂಕಟವೋ ಅವನಿಗೆ ತಿಳಿಯಲಿಲ್ಲ.

ಬೆಳಗ್ಗೆ, ಬಸ್ಸಿಗೆ ಮುನ್ನ, ಖಾಲಿ ಡಬ್ಬಿಗಳನ್ನಾದರೂ ಇಳಿಸಿಕೊಟ್ಟು ಹೋಗೋಣವೆಂದು ಅವನು ದಿಬ್ಬ ಹತ್ತಿದ. ಮೊದಲ ಬೋನನ್ನು ಕಿತ್ತಾಗ ತೋಳು ಜಗ್ಗಿತು. ಎರಡನೆಯದೂ ಭಾರ. ಒಂದನ್ನು ಕಂಕುಳಲ್ಲಿ ಅವುಚಿಕೊಂಡು ಜಾರುತ್ತ ಇಳಿದು, ಪ್ರೊಫೆಸರರ ಮೇಜಿನ ಮೇಲೆ ಹಾಸಿದ್ದ ಹಳೆಯ ಪೇಪರಿನ ಮೇಲೆ ಸುರಿದ. ಮರಳಿನ ಪುಟ್ಟ ಗುಡ್ಡೆಯೆದ್ದಿತು.

ಡಬ್ಬಿಯ ಹಿಂದೆ ಗಾಳಿ ಸುಳಿ ಸುತ್ತಿ ತುಂಬಿಸಿರಬೇಕೆಂದು ಪ್ರೊಫೆಸರರು ಮೊದಲು ತಳ್ಳಿಹಾಕಿದರು. ಎರಡು ಚಿಟಿಕೆ ಬೆರಳಲ್ಲಿ ತಿಕ್ಕಿ ನೋಡಿದರು. ನಂತರ ಊರುಗೋಲು ಹುಡುಕಿದರು. ಕಾಲು ನೆನಪಿದೆಯಾ ಎಂದು ಹೆಂಡತಿ ಕೂಗುವಷ್ಟರಲ್ಲಿ ಅವರು ಅಂಗಳ ದಾಟಿದ್ದರು. ಯುವಕ ಹಿಂದೆ ಓಡಿದ.

ನೆತ್ತಿಯಲ್ಲಿ ಅವರು ಬೋನುಗಳನ್ನು ನೋಡಲೇ ಇಲ್ಲ. ಮಂಡಿಯೂರಿ ನೆಲ ನೋಡಿದರು. ಮರಳಿನ ಮೇಲೆ ಗಾಳಿ ಮೂಡಿಸುವ ಸಣ್ಣ ನಿರಿಗೆಗಳ ಕಡಿದಾದ ಅಂಚು ಪಶ್ಚಿಮಕ್ಕಿರಬೇಕಿತ್ತು. ಅವೆಲ್ಲ ಪೂರ್ವಕ್ಕೆ ಮುಖ ಮಾಡಿದ್ದವು, ಸೀರೆಯನ್ನು ಯಾರೋ ತಿರುವಿ ಉಟ್ಟ ಹಾಗೆ. ಸಂಜೆಯ ಆ ಬಡ ಗಾಳಿ ಕಡಿದಾದ ಮಗ್ಗುಲನ್ನು ಏರುತ್ತ ನೆತ್ತಿಯಲ್ಲಿ ಬಲ ಕೂಡಿಸಿಕೊಳ್ಳುತ್ತಿತ್ತು. ಹಗಲಿನ ಗಾಳಿ ದಾಟಿಸಿದ್ದರಲ್ಲಿ ಒಂದಿಷ್ಟನ್ನು ವಾಪಸು ತರುತ್ತಿತ್ತು. ದಿಬ್ಬ ಲೆಕ್ಕಕ್ಕಿಂತ ಹಿಂದುಳಿಯುತ್ತಿದ್ದದ್ದು ಇದರಿಂದಲೇ. ಅತ್ತ ಮುಖ ಮಾಡಿ ಬೋನಿಡಬೇಕೆಂದು ಈವರೆಗೆ ಯಾರಿಗೂ ಹೊಳೆದಿರಲಿಲ್ಲ. ಅಷ್ಟು ದೊಡ್ಡ ತಪ್ಪು ಮಾಡುವವರೇ ಸಿಕ್ಕಿರಲಿಲ್ಲ.

"ಮರಳು ಅಂತ ಹೆಸರಿಟ್ಟೋರಿಗೆ ಗೊತ್ತಿತ್ತು ಕಣಯ್ಯ," ಎಂದರು ಪ್ರೊಫೆಸರರು. "ಮರಳುತ್ತೆ. ಇಷ್ಟು ವರ್ಷ ಬಾಯಲ್ಲಿ ಹೇಳ್ತಾನೇ ಇದ್ದೆ, ಕಿವಿಗೆ ಬಿದ್ದಿರಲಿಲ್ಲ."

ಈ ಗಾಳಿಗೆ ಏನೆಂದು ಹೆಸರಿಡಬೇಕೆಂದು ಅಲ್ಲೇ ವಾದ ಹತ್ತಿತು. ಪೂರ್ವಕ್ಕೆ ಹೋಗುವುದರಿಂದ ಪೂರ್ವ ಎಂದು ಅವರು. ಪಶ್ಚಿಮದಿಂದ ಬರುವುದರಿಂದ ಪಶ್ಚಿಮ ಎಂದು ಇವನು. ನಿನ್ನೆ ನಾಲಿಗೆ ಕಚ್ಚಿಕೊಂಡಿದ್ದವನು ಇವತ್ತು ಒಂದಿಂಚೂ ಬಿಟ್ಟುಕೊಡಲಿಲ್ಲ. ಕೆಳಗೆ ಅಂಗಳದಲ್ಲಿ ತಾಯಿ ಮಗಳು, ಮೇಲೆ ಕೈ ಬೀಸುತ್ತಿದ್ದ ಇಬ್ಬರನ್ನು ನೋಡಿ ಹೊಡೆದಾಟವೇ ಆಯಿತೆಂದು ಎದೆಗೆ ಕೈ ಇಟ್ಟು ನಿಂತಿದ್ದರು. ದೂರದಲ್ಲಿ ಬಸ್ಸು ಹಾರನ್ ಹಾಕಿತು.

"ನಿಮ್ಮ ಬಸ್ಸು," ಎಂದವನೇ ಯುವಕ ತಡವರಿಸಿ, "ಅಲ್ಲ, ನನ್ನ ಬಸ್ಸು," ಎಂದ.

"ಹೋಗ್ಲಿ ಬಿಡು. ಸಂಜೆ ಬೋನು ಯಾರು ನೆಡೋದು, ನಿಮ್ಮತ್ತೇನಾ?"

ಹೀಗೆಂದು ಪ್ರೊಫೆಸರರು ಅಳಿಯನ ಹೆಗಲಿಗೆ ತಮ್ಮ ಪೂರ್ತಿ ಭಾರ ಹಾಕಿ, ಒಂಟಿಕಾಲಲ್ಲಿ ನಿಂತು, ಕಾಲುಚೀಲದ ಮರಳು ಕೊಡವತೊಡಗಿದರು. ಎಲ್ಲ ಸರಿಹೋಯಿತೆಂದು ಕೆಳಗಿನವಳಿಗೆ ಕೈಬೀಸಿ ತಿಳಿಸಬೇಕೆಂದು ಅವನ ಜೀವ ತಹತಹಿಸಿತು. ಆದರೆ ಒಂದು ಕೈಯಲ್ಲಿ ಮಾವನ ಊರುಗೋಲಿತ್ತು, ಇನ್ನೊಂದರಲ್ಲಿ ಅವರ ಬೂಟು.